ಮೋಡ ನೋಡಿ ಹಾರಬೇಕು

ಮಕ್ಕಳೇ, ಬೇಸಗೆ ರಜೆಯ ಒಂದು ಮಧ್ಯಾಹ್ನವನ್ನು ನೆನಪಿಸಿಕೊಳ್ಳಿ. ಅಂಗಳದ ತುಂಬ ಅಡಿಕೆ ಒಣಗುತ್ತಿದೆ. ಬಿಸಿಲು ಸುಡುತ್ತಿದೆ. ಒಂದು ಎಲೆಯೂ ಅಲುಗುವುದಿಲ್ಲ. ಜಗಲಿಯಲ್ಲಿ ಕುಳಿತ ಅಜ್ಜಿ ಬೆಟ್ಟದ ಕಡೆಗೆ ನೋಡುತ್ತಾರೆ. “ಮೂಡು ಕಪ್ಪಾಯಿತು. ಬೇಗ ಗೋಣಿ ತನ್ನಿ ಮಕ್ಕಳೇ, ಅಡಿಕೆ ಒಳಗೆ ಹಾಕುವ” ಎನ್ನುತ್ತಾರೆ.

ನಿಮಗೆ ನಗು ಬರುತ್ತದೆ. ತಲೆಯ ಮೇಲೆ ಇನ್ನೂ ಬಿಸಿಲು ಇದೆಯಲ್ಲ! ಆದರೆ ಕೊನೆಯ ಗೋಣಿ ಜಗಲಿ ಸೇರುವಷ್ಟರಲ್ಲಿ ತಣ್ಣನೆಯ ಗಾಳಿ ರಪ್ಪನೆ ಬೀಸುತ್ತದೆ. ತೆಂಗಿನ ಗರಿಗಳು ಬಾಗುತ್ತವೆ. ಮಿಂಚು, ಗುಡುಗು, ಮತ್ತೆ ದಪ್ಪ ಹನಿಗಳ ಮಳೆ. ಅಜ್ಜಿ ಹೇಳಿದ್ದು ಸರಿಯಾಯಿತು.

ಅಡಿಕೆ ಒಳಗೆ ಬಂತು, ನೀವೂ ಒಳಗೆ ಬಂದಿರಿ. ಆದರೆ ಆ ಹೊತ್ತಿನಲ್ಲಿ ಆಕಾಶದಲ್ಲೇ ಇರುವವರು ಏನು ಮಾಡುತ್ತಾರೆ? ಪುಟ್ಟ ವಿಮಾನ ಹಾರಿಸುವ ಪೈಲಟ್ ಎಲ್ಲಿಗೆ ಓಡಬೇಕು? ಅಲ್ಲಿ ಜಗಲಿ ಇಲ್ಲ, ಮಾಡು ಇಲ್ಲ. ಅವರು ಸಿಡಿಲ ಮೋಡದಿಂದ ತಮ್ಮನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಪುಟ್ಟ ವಿಮಾನ

ಮಂಗಳೂರಿನ ಅಥವಾ ಕಣ್ಣೂರಿನ ವಿಮಾನ ನಿಲ್ದಾಣಕ್ಕೆ ಹೋಗುವ ದೊಡ್ಡ ವಿಮಾನಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ನೂರಕ್ಕೂ ಹೆಚ್ಚು ಜನ ಕೂರುತ್ತಾರೆ. ಇಬ್ಬರು ಅಥವಾ ನಾಲ್ವರು ಮಾತ್ರ ಕೂರುವ ವಿಮಾನಗಳೂ ಇವೆ. ಹಾರಾಟ ಕಲಿಯುವವರು ಮೊದಲು ಇಂಥ ವಿಮಾನವನ್ನೇ ಹತ್ತುತ್ತಾರೆ. ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿಸುವ ಸರ್ಕಾರಿ ಶಾಲೆಯೊಂದಿದೆ.

ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ ಯಾವುದು ಗೊತ್ತೇ? ನಾಲ್ಕು ಆಸನಗಳ ಸೆಸ್ನಾ 172. ಇದು ಮೊದಲ ಬಾರಿಗೆ ಹಾರಿದ್ದು 1955ರಲ್ಲಿ. ಇದುವರೆಗೆ ಇಂಥ 44,000ಕ್ಕೂ ಹೆಚ್ಚು ವಿಮಾನಗಳು ತಯಾರಾಗಿವೆ. ಮೂಗಿನ ಮೇಲೆ ಒಂದೇ ಎಂಜಿನ್, ಒಂದೇ ಪಂಖ. ಜನ, ಸಾಮಾನು, ಎಣ್ಣೆ ಎಲ್ಲ ಸೇರಿದರೂ ಇದರ ತೂಕ ಸುಮಾರು 1,100 ಕಿಲೋಗ್ರಾಂ. ಅಂದರೆ ಒಂದು ಕಾರಿನಷ್ಟು.

ಇಷ್ಟು ಹಗುರವಾದ ವಿಮಾನ ಸಿಡಿಲ ಮೋಡದ ಎದುರು ನಿಂತರೆ ಹೇಗಿರುತ್ತದೆ? ಅದನ್ನು ತಿಳಿಯಲು ಮೊದಲು ಆ ಮೋಡವನ್ನು ನೋಡೋಣ.

ಮೋಡ ಬೆಳೆಯುವ ಬಗೆ

ಬಿಸಿಲಿಗೆ ನೆಲ ಕಾಯುತ್ತದೆ. ನೆಲದ ಮೇಲಿನ ಗಾಳಿಯೂ ಕಾದು ಹಗುರವಾಗಿ ಮೇಲೇರುತ್ತದೆ. ಅದರೊಡನೆ ನೀರಾವಿಯೂ ಮೇಲೇರುತ್ತದೆ. ಮೇಲೆ ಹೋದಂತೆ ತಂಪು. ತಂಪಿಗೆ ನೀರಾವಿ ಸಣ್ಣ ಹನಿಗಳಾಗುತ್ತದೆ. ಅದೇ ಮೋಡ.

ಮೊದಲು ಮೋಡ ಅರಳೆಯ ಉಂಡೆಯಂತೆ ಇರುತ್ತದೆ. ಇದು ಒಂದನೆಯ ಹಂತ. ಈ ಹಂತದಲ್ಲಿ ಒಳಗಿನ ಗಾಳಿಯೆಲ್ಲ ಮೇಲಕ್ಕೇ ಹೋಗುತ್ತಿರುತ್ತದೆ. ಮೋಡ ಹೂಕೋಸಿನಂತೆ ಉಬ್ಬಿ ಉಬ್ಬಿ ಎತ್ತರವಾಗುತ್ತದೆ.

ಎರಡನೆಯ ಹಂತದಲ್ಲಿ ಮಳೆ ಸುರಿಯತೊಡಗುತ್ತದೆ. ಬೀಳುವ ಹನಿಗಳು ತಂಪಾದ ಗಾಳಿಯನ್ನೂ ಕೆಳಕ್ಕೆ ಎಳೆದು ತರುತ್ತವೆ. ಈಗ ಒಂದೇ ಮೋಡದೊಳಗೆ ಒಂದು ಕಡೆ ಗಾಳಿ ಮೇಲಕ್ಕೆ ನುಗ್ಗುತ್ತದೆ, ಪಕ್ಕದಲ್ಲೇ ಕೆಳಕ್ಕೆ ಸುರಿಯುತ್ತದೆ. ಮಿಂಚು, ಗುಡುಗು, ಆಲಿಕಲ್ಲು ಎಲ್ಲ ಈ ಹಂತದಲ್ಲೇ. ಮೋಡದ ತಲೆ 12 ಕಿಲೋಮೀಟರಿಗಿಂತಲೂ ಎತ್ತರಕ್ಕೆ ಹೋಗಿ, ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುತ್ತದೆ. ಮೂರನೆಯ ಹಂತದಲ್ಲಿ ಗಾಳಿ ಕೆಳಕ್ಕೆ ಮಾತ್ರ ಇಳಿಯುತ್ತದೆ, ಮೋಡ ಸೊರಗುತ್ತದೆ.

ಈ ಮೂರು ಹಂತಗಳು ಹೇಗೆ ತಿಳಿದವು? ಅಮೆರಿಕದಲ್ಲಿ 1946ರಲ್ಲಿ ಫ್ಲಾರಿಡಾದಲ್ಲಿಯೂ 1947ರಲ್ಲಿ ಒಹಾಯೋದಲ್ಲಿಯೂ ದೊಡ್ಡದೊಂದು ಅಧ್ಯಯನ ನಡೆಯಿತು. ಹೊರೇಸ್ ಬೈಯರ್ಸ್ ಎಂಬ ವಿಜ್ಞಾನಿ ಅದರ ಮುಖ್ಯಸ್ಥರು. ಯುದ್ಧಕ್ಕಾಗಿ ತಯಾರಾಗಿದ್ದ ಗಟ್ಟಿಮುಟ್ಟಾದ ವಿಮಾನಗಳನ್ನು ಬೇರೆ ಬೇರೆ ಎತ್ತರದಲ್ಲಿ ಬೇಕೆಂದೇ ಸಿಡಿಲ ಮೋಡದೊಳಗೆ ನುಗ್ಗಿಸಿದರು. ಸಾವಿರಕ್ಕೂ ಹೆಚ್ಚು ಬಾರಿ ಹೀಗೆ ಹಾರಿದರು. ಮೋಡ ಮಾಡಿದ ಏರುಪೇರುಗಳನ್ನು ಅಳೆದರು. ಅಂದು ಅವರು ಅಷ್ಟು ಕಷ್ಟಪಟ್ಟು ತಿಳಿದದ್ದನ್ನೇ ಇಂದು ಪೈಲಟ್‌ಗಳು ಪಾಠವಾಗಿ ಓದುತ್ತಾರೆ.

ಮಿಂಚು ಹುಟ್ಟುವುದು ಹೇಗೆ?

ಮೋಡದ ಮೇಲ್ಭಾಗದಲ್ಲಿ ಮಂಜಿನ ಹರಳುಗಳೂ ಮೆದು ಆಲಿಕಲ್ಲುಗಳೂ ಇರುತ್ತವೆ. ಅವು ಒಂದಕ್ಕೊಂದು ತಾಗಿದಾಗ ವಿದ್ಯುದಂಶ ಬೇರೆಯಾಗುತ್ತದೆ. ಹಗುರವಾದ ಹರಳುಗಳು ಧನ ಅಂಶದೊಡನೆ ಮೇಲೇರುತ್ತವೆ. ಭಾರವಾದವು ಋಣ ಅಂಶದೊಡನೆ ಕೆಳಗೆ ಉಳಿಯುತ್ತವೆ. ಇದು ಹೆಚ್ಚುತ್ತಾ ಹೋಗಿ, ಕೊನೆಗೆ ಗಾಳಿಯೂ ತಡೆಯಲಾರದಂತಾದಾಗ ವಿದ್ಯುತ್ ಜಿಗಿಯುತ್ತದೆ. ಅದೇ ಮಿಂಚು. ಅದು ನೆಲಕ್ಕೆ ಬಡಿದರೆ ನಾವು ಸಿಡಿಲು ಎನ್ನುತ್ತೇವೆ. ಮಿಂಚಿನ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅದು ಸೂರ್ಯನ ಮೇಲ್ಮೈಯ ಶಾಖದ ಸುಮಾರು ಐದು ಪಟ್ಟು. ಕಾದ ಗಾಳಿ ಒಮ್ಮೆಲೇ ಹಿಗ್ಗುವ ಸದ್ದೇ ಗುಡುಗು.

ವಿಮಾನಕ್ಕೆ ಸಿಡಿಲು ಹೊಡೆದರೆ?

ಪ್ರಯಾಣಿಕರ ದೊಡ್ಡ ವಿಮಾನಗಳಿಗೆ ಸರಾಸರಿ ವರ್ಷಕ್ಕೊಮ್ಮೆ ಸಿಡಿಲು ತಾಗುತ್ತದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಆದರೂ ಒಳಗಿರುವವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಲೋಹದ ಗೂಡಿನ ಹೊರಮೈಯಲ್ಲೇ ವಿದ್ಯುತ್ ಹರಿದು ಹೋಗುತ್ತದೆ, ಒಳಗೆ ಬರುವುದಿಲ್ಲ. ಇದನ್ನು ಮೈಕೆಲ್ ಫ್ಯಾರಡೆ 1836ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು.

ಆದರೆ ಎಲ್ಲ ವಿಮಾನಗಳ ಮೈ ಲೋಹದ್ದಲ್ಲ. 1999ರ ಏಪ್ರಿಲ್ 17ರಂದು ಇಂಗ್ಲೆಂಡಿನ ಡನ್‌ಸ್ಟೇಬಲ್ ಎಂಬಲ್ಲಿ ಒಂದು ಗ್ಲೈಡರ್ ಹಾರುತ್ತಿತ್ತು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಅದರಲ್ಲಿ ಒಬ್ಬ ಶಿಕ್ಷಕ, ಒಬ್ಬ ವಿದ್ಯಾರ್ಥಿ ಇದ್ದರು. ಅದರ ಮೈ ಫೈಬರ್ ಗ್ಲಾಸಿನದು. ಸಿಡಿಲು ಹೊಡೆದಾಗ ವಿದ್ಯುತ್ತು ಒಳಗಿದ್ದ ಲೋಹದ ಕೊಳವೆಗಳಲ್ಲಿ ಹರಿಯಿತು. ರೆಕ್ಕೆ ಸಿಡಿದು ಗ್ಲೈಡರ್ ಗಾಳಿಯಲ್ಲೇ ಚೂರಾಯಿತು. ಇಬ್ಬರೂ ಪ್ಯಾರಾಚೂಟ್ ಕಟ್ಟಿಕೊಂಡಿದ್ದರು. ಆದ್ದರಿಂದ ಇಬ್ಬರೂ ಬದುಕಿದರು.

ಸಿಡಿಲಿಗಿಂತ ದೊಡ್ಡ ಅಪಾಯ

ಪುಟ್ಟ ವಿಮಾನಕ್ಕೆ ಸಿಡಿಲಿಗಿಂತಲೂ ಹೆಚ್ಚು ಅಪಾಯ ಕಣ್ಣಿಗೆ ಕಾಣದ ಗಾಳಿಯಿಂದ. ಒಂದು ಲೆಕ್ಕ ಮಾಡೋಣ. ಪುಟ್ಟ ವಿಮಾನವೊಂದು ಸೆಕೆಂಡಿಗೆ 4 ಮೀಟರ್ ಮೇಲೇರಬಲ್ಲದು ಎಂದುಕೊಳ್ಳಿ. ಮೋಡದ ಕೆಳಗಿನ ಗಾಳಿ ಸೆಕೆಂಡಿಗೆ 10 ಮೀಟರ್ ಕೆಳಕ್ಕೆ ಇಳಿಯುತ್ತಿದೆ. ಪೈಲಟ್ ವಿಮಾನದ ಮೂಗನ್ನು ಮೇಲೆತ್ತಿ ಎಂಜಿನ್ನಿನ ಪೂರ್ತಿ ಬಲ ಕೊಟ್ಟರೂ ವಿಮಾನ ಸೆಕೆಂಡಿಗೆ 6 ಮೀಟರ್ ಕೆಳಕ್ಕೇ ಹೋಗುತ್ತದೆ. 300 ಮೀಟರ್ ಎತ್ತರದಲ್ಲಿದ್ದರೆ ನೆಲ ಮುಟ್ಟಲು ಬೇಕಾದದ್ದು ಬರೇ 50 ಸೆಕೆಂಡು!

ಮಳೆಗೆ ಮೊದಲು ಅಂಗಳಕ್ಕೆ ಬಂತಲ್ಲ, ಆ ತಣ್ಣನೆಯ ಗಾಳಿ? ಅದೂ ಮೋಡದಿಂದ ಇಳಿದು ನೆಲಕ್ಕೆ ಬಡಿದು ಹರಡಿದ ಗಾಳಿಯೇ. ನಮಗೆ ಹಿತವಾಗುವ ಆ ಗಾಳಿ ಇಳಿಯುತ್ತಿರುವ ವಿಮಾನಕ್ಕೆ ಶತ್ರು.

ಮೇಲಕ್ಕೆ ನುಗ್ಗುವ ಗಾಳಿಯೂ ಕಡಿಮೆಯದಲ್ಲ. ಎವಾ ವಿಸ್ನಿಯೆರ್ಸ್ಕಾ ಎಂಬ ಮಹಿಳೆ ಜರ್ಮನಿಯ ತಂಡದ ಪ್ಯಾರಾಗ್ಲೈಡರ್ ಹಾರಾಟಗಾರ್ತಿ. ಬಟ್ಟೆಯ ರೆಕ್ಕೆಗೆ ಹಗ್ಗದಿಂದ ತೂಗುತ್ತಾ ಹಾರುವುದೇ ಪ್ಯಾರಾಗ್ಲೈಡಿಂಗ್. 2007ರ ಫೆಬ್ರವರಿ 14ರಂದು ಅವರು ಆಸ್ಟ್ರೇಲಿಯದಲ್ಲಿ ಸ್ಪರ್ಧೆಗಾಗಿ ಅಭ್ಯಾಸ ಮಾಡುತ್ತಿದ್ದರು. ಸಿಡಿಲ ಮೋಡಗಳ ನಡುವೆ ಸಿಕ್ಕಿಬಿದ್ದರು. ಗಾಳಿ ಅವರನ್ನು 9,946 ಮೀಟರ್ ಎತ್ತರಕ್ಕೆ ಎಳೆದೊಯ್ದಿತು. ಎವರೆಸ್ಟ್ ಶಿಖರದ ಎತ್ತರ 8,849 ಮೀಟರ್ ಎಂಬುದನ್ನು ನೆನಪಿಡಿ. ಉಸಿರಾಡಲು ಸಾಕಷ್ಟು ಗಾಳಿ ಇಲ್ಲದೆ ಅವರ ಎಚ್ಚರ ತಪ್ಪಿತು. ಮೈಮೇಲೆ ಮಂಜುಗಡ್ಡೆ ಕಟ್ಟಿತು. ಬಹಳ ಹೊತ್ತಿನ ಮೇಲೆ ಕೆಳಗೆ ಇಳಿಯುತ್ತಿದ್ದಾಗ ಎಚ್ಚರವಾಗಿ, ಹೇಗೋ ನೆಲ ಸೇರಿ ಬದುಕಿಕೊಂಡರು. ಅದೇ ದಿನ ಅದೇ ಬಿರುಗಾಳಿಯಲ್ಲಿ ಸಿಕ್ಕ ಚೀನಾದ ಹಾರಾಟಗಾರರೊಬ್ಬರು ಬದುಕಿ ಬರಲಿಲ್ಲ. ಎವಾ ಉಳಿದದ್ದು ಅದೃಷ್ಟದಿಂದ. ಅದೃಷ್ಟವನ್ನು ನಂಬಿ ಯಾರೂ ಮೋಡದ ಹತ್ತಿರ ಹೋಗಬಾರದು.

ಪೈಲಟ್ ಪಾಲಿಸುವ ನಿಯಮಗಳು

1. ಹೊರಡುವ ಮೊದಲು ಹವಾಮಾನ ವರದಿಯನ್ನು ಓದಬೇಕು. ವರದಿಯಲ್ಲಿ ‘ಸಿ.ಬಿ.’ ಎಂಬ ಎರಡು ಅಕ್ಷರ ಕಂಡರೆ ಅಲ್ಲಿ ಸಿಡಿಲ ಮೋಡ ಇದೆ ಎಂದು ಅರ್ಥ.

2. ದೊಡ್ಡ ಸಿಡಿಲ ಮೋಡದಿಂದ ಕನಿಷ್ಠ 20 ನಾಟಿಕಲ್ ಮೈಲು, ಅಂದರೆ ಸುಮಾರು 37 ಕಿಲೋಮೀಟರ್ ದೂರ ಇರಬೇಕು. ಇದು ಕಾಸರಗೋಡಿನಿಂದ ಮಂಜೇಶ್ವರಕ್ಕಿರುವ ದೂರಕ್ಕಿಂತಲೂ ಹೆಚ್ಚು.

3. ಮೋಡದ ಅಡಿಯಿಂದ ಆಚೆಯ ಬೆಳಕು ಕಾಣುತ್ತಿದ್ದರೂ ಅದರ ಕೆಳಗೆ ನುಸುಳಿ ಹೋಗಬಾರದು.

4. ಸಿಡಿಲ ಮೋಡ ನಿಲ್ದಾಣದ ಕಡೆಗೆ ಬರುತ್ತಿದ್ದರೆ ಮೇಲೇರಲೂ ಬಾರದು, ಇಳಿಯಲೂ ಬಾರದು. ಕಾಯಬೇಕು. ಇಲ್ಲವೇ ಬೇರೆ ನಿಲ್ದಾಣಕ್ಕೆ ಹೋಗಬೇಕು.

5. ಎಷ್ಟು ಎಚ್ಚರಿಕೆ ವಹಿಸಿದರೂ ಮೋಡದೊಳಗೆ ಸಿಕ್ಕಿಬಿದ್ದರೆ ಬೆಲ್ಟನ್ನು ಬಿಗಿ ಮಾಡಬೇಕು. ವೇಗ ಕಡಿಮೆ ಮಾಡಿ ರೆಕ್ಕೆಗಳನ್ನು ಸಮವಾಗಿ ಇಟ್ಟುಕೊಳ್ಳಬೇಕು. ರಾತ್ರಿಯಾದರೆ ಒಳಗಿನ ದೀಪಗಳನ್ನು ಪ್ರಕಾಶವಾಗಿ ಉರಿಸಬೇಕು. ಕತ್ತಲಲ್ಲಿ ಮಿಂಚು ಹೊಳೆದರೆ ಕಣ್ಣು ಕುರುಡಾದಂತೆ ಆಗುತ್ತದೆ. ಬೆಳಕಿದ್ದರೆ ಅಷ್ಟು ಕಷ್ಟವಾಗದು.

6. ಮೋಡದೊಳಗೆ ಹೋದ ಮೇಲೆ ತಿರುಗಬಾರದು. ತಿರುಗುವಾಗ ವಿಮಾನದ ಮೇಲೆ ಬೀಳುವ ಹೊರೆ ಹೆಚ್ಚು. ತಿರುಗಿ ಬರುವಷ್ಟರಲ್ಲಿ ಒಳಗೇ ಹೆಚ್ಚು ಹೊತ್ತು ಕಳೆಯಬೇಕಾಗುತ್ತದೆ. ನೇರವಾಗಿ ಹೋಗಿ ಬೇಗ ಹೊರಬರುವುದೇ ಮೇಲು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಯೋಚಿಸಿ. ಒಳಗೆ ಹೋದ ಮೇಲೆ ಹಿಂದಿರುಗಲು ಆಗದು. ಹಿಂದಿರುಗುವುದಾದರೆ ಹೋಗುವ ಮೊದಲೇ ಹಿಂದಿರುಗಬೇಕು. ಮನೆ ತಲುಪುವ ಆತುರ ಇರಬಹುದು. ಜತೆಯಲ್ಲಿರುವವರು “ಹೋಗೋಣ, ಏನೂ ಆಗದು” ಎನ್ನಬಹುದು. ಹಿಂದಿರುಗಿದರೆ ಜನ ನಕ್ಕಾರು ಎಂದೂ ತೋರಬಹುದು. ಆಗಲೂ ವಿಮಾನವನ್ನು ತಿರುಗಿಸುವವನೇ ಒಳ್ಳೆಯ ಪೈಲಟ್. ಅದು ಹೇಡಿತನವಲ್ಲ, ವಿವೇಕ.

ನಾವೇನು ಮಾಡಬೇಕು?

ನಮ್ಮ ಕೇರಳದಲ್ಲಿ ಬೇಸಗೆ ಮಳೆಯ ಸಮಯದಲ್ಲಿಯೂ ತುಲಾ ಮಳೆಯ ಸಮಯದಲ್ಲಿಯೂ ಸಿಡಿಲು ಹೆಚ್ಚು. ಮಧ್ಯಾಹ್ನ 2 ಗಂಟೆಯಿಂದ ರಾತ್ರಿ 10 ಗಂಟೆಯವರೆಗೆ ವಿಶೇಷ ಎಚ್ಚರಿಕೆ ಬೇಕು. ಸಂಜೆ ಆಟದ ಬಯಲಿನಲ್ಲಿ ನೀವೂ ಒಬ್ಬ ಪೈಲಟ್ ಇದ್ದ ಹಾಗೆ.

ಮಿಂಚು ಕಂಡ ಕೂಡಲೇ ಎಣಿಸಲು ತೊಡಗಿ. ಗುಡುಗು ಕೇಳುವವರೆಗೆ ಎಷ್ಟು ಸೆಕೆಂಡಾಯಿತು? ಸದ್ದು 3 ಸೆಕೆಂಡಿನಲ್ಲಿ ಸುಮಾರು 1 ಕಿಲೋಮೀಟರ್ ಬರುತ್ತದೆ. 9 ಸೆಕೆಂಡಾದರೆ ಸಿಡಿಲು 3 ಕಿಲೋಮೀಟರ್ ದೂರದಲ್ಲಿದೆ. 30 ಸೆಕೆಂಡಿಗಿಂತ ಕಡಿಮೆಯಾದರೆ ಅಪಾಯ ಹತ್ತಿರದಲ್ಲೇ ಇದೆ. ಎಣಿಸುತ್ತಾ ಹೊರಗೆ ನಿಲ್ಲಬೇಡಿ. ಗುಡುಗು ಕೇಳಿತೆಂದರೆ ಆಟ ಬಿಟ್ಟು ಗಟ್ಟಿ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆಯೇ ಹೊರಗೆ ಬನ್ನಿ.

ಮರದಡಿಯಲ್ಲಿ ನಿಲ್ಲಬೇಡಿ. ಗದ್ದೆ, ಗುಡ್ಡ, ಕೆರೆ, ಸಮುದ್ರದ ದಂಡೆ, ತಾರಸಿ ಇವುಗಳಿಂದ ದೂರವಿರಿ. ಮನೆಯೊಳಗೆ ಕಿಟಕಿ ಬಾಗಿಲುಗಳ ಹತ್ತಿರ ನಿಲ್ಲಬೇಡಿ. ಆಗ ಸ್ನಾನ ಬೇಡ, ವಿದ್ಯುತ್ ಉಪಕರಣಗಳನ್ನು ಮುಟ್ಟುವುದು ಬೇಡ. ಮಾಡು ಮುಚ್ಚಿದ ಕಾರು, ಬಸ್ಸುಗಳು ಸುರಕ್ಷಿತ. ಅಲ್ಲಿಯೂ ಫ್ಯಾರಡೆಯವರ ಲೋಹದ ಗೂಡೇ ಕೆಲಸ ಮಾಡುತ್ತದೆ.

ಯಾರಿಗಾದರೂ ಸಿಡಿಲು ಬಡಿದರೆ ಅವರನ್ನು ಮುಟ್ಟಲು ಹೆದರಬೇಡಿ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಕೂಡಲೇ ದೊಡ್ಡವರನ್ನು ಕರೆಯಿರಿ. 108ಕ್ಕೆ ಫೋನ್ ಮಾಡಿಸಿ.

ಇನ್ನೊಮ್ಮೆ ಅಜ್ಜಿ “ಮೂಡು ಕಪ್ಪಾಯಿತು” ಎಂದಾಗ ನಗಬೇಡಿ. ವಿಮಾನ ಹಾರಿಸಲು ಕಲಿಯುವವರು ಪುಸ್ತಕದಲ್ಲಿ ಓದುವ ಮೊದಲ ಪಾಠವನ್ನೇ ಅವರು ಜಗಲಿಯಲ್ಲಿ ಕುಳಿತು ಹೇಳುತ್ತಿದ್ದಾರೆ. ಗೋಣಿ ತನ್ನಿ.

ಪದಗಳ ಅರ್ಥ

ಮೂಡು – ಪೂರ್ವ ದಿಕ್ಕು
ಅಡಿಗಲ್ಲು – ಕಮ್ಮಾರನು ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಗಟ್ಟಿ ದಿಮ್ಮಿ
ಸೊರಗು – ಬಲಗುಂದು
ವಿವೇಕ – ಒಳ್ಳೆಯದು ಕೆಟ್ಟದ್ದನ್ನು ತಿಳಿದು ನಡೆಯುವ ಬುದ್ಧಿ

ಉತ್ತರ ಹೇಳಿ

1. ಸಿಡಿಲ ಮೋಡದ ಮೂರು ಹಂತಗಳಲ್ಲಿ ಗಾಳಿ ಯಾವ ಯಾವ ಕಡೆಗೆ ಬೀಸುತ್ತದೆ?
2. ಡನ್‌ಸ್ಟೇಬಲ್‌ನ ಗ್ಲೈಡರ್ ಚೂರಾಯಿತು. ದೊಡ್ಡ ವಿಮಾನಗಳಿಗೆ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಏಕೆ?
3. ಮಿಂಚು ಕಂಡು 15 ಸೆಕೆಂಡಿನ ಮೇಲೆ ಗುಡುಗು ಕೇಳಿದರೆ ಸಿಡಿಲು ಎಷ್ಟು ದೂರದಲ್ಲಿದೆ?
4. “ಅದು ಹೇಡಿತನವಲ್ಲ, ವಿವೇಕ.” ಈ ಮಾತನ್ನು ಯಾವುದರ ಬಗ್ಗೆ ಹೇಳಲಾಗಿದೆ? ನಿಮ್ಮ ಅನುಭವದಿಂದ ಇಂಥದೇ ಒಂದು ಸಂದರ್ಭವನ್ನು ಬರೆಯಿರಿ.

ಮಾಡಿ ನೋಡಿ

ಮನೆಯ ಹಿರಿಯರು ಮಳೆ, ಸಿಡಿಲುಗಳ ಬರವನ್ನು ಯಾವ ಗುರುತುಗಳಿಂದ ತಿಳಿಯುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಒಂದು ವಾರ ದಿನವೂ ಮಧ್ಯಾಹ್ನ ಶಾಲೆಯ ಜಗಲಿಯಿಂದ ಆಕಾಶ ನೋಡಿ, ಮೋಡದ ಚಿತ್ರ ಬಿಡಿಸಿ. ಅರಳೆಯಂತಿದೆಯೇ, ಹೂಕೋಸಿನಂತಿದೆಯೇ, ಅಡಿಗಲ್ಲಿನಂತಿದೆಯೇ? ಸಂಜೆ ಏನಾಯಿತೆಂದು ಚಿತ್ರದ ಕೆಳಗೆ ಬರೆಯಿರಿ.