ಚರ್ಮದ ಮೇಲಿನ ಮಚ್ಚೆಯೂ ಅದರ ಪರೀಕ್ಷೆಯೂ

(ಸಭೆಯಲ್ಲಿಯೂ ಮನೆಯಲ್ಲಿಯೂ ಓದಿ ವಿಚಾರಿಸತಕ್ಕ ಪಾಠ)



ಮೂಡಲಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಸಾಯಂಕಾಲದ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಸಹೋದರಿಯು ಎಲ್ಲರೂ ಹೋಗುವ ತನಕ ಕಾದು ನಿಂತು, ತನ್ನ ಬಲಗೈಯನ್ನು ನನಗೆ ತೋರಿಸಿದಳು. ಕಿರುಬೆರಳಿನ ಮೇಲೂ ಅದರ ಪಕ್ಕದ ಬೆರಳಿನ ಮೇಲೂ ಬೊಬ್ಬೆಗಳು ಎದ್ದಿದ್ದವು. "ಅಯ್ಯನವರೇ, ರೊಟ್ಟಿ ಹೊರಳಿಸುವಾಗ ಕೈ ಹಂಚಿಗೆ ತಗಲಿತು. ಮಗಳು ಕೂಗಿ ಹೇಳಿದ ಮೇಲೆಯೇ ನನಗೆ ತಿಳಿಯಿತು" ಎಂದಳು. ಅದೇ ಕೈಯಲ್ಲಿ ಮೊಳಕೈಯ ಕೆಳಗೆ ತೆಳುಬಣ್ಣದ ಒಂದು ಮಚ್ಚೆ ಇತ್ತು.

ಆ ಮಚ್ಚೆಯನ್ನು ನಾನು ಒಂದು ವರುಷದ ಹಿಂದೆಯೇ ಕಂಡಿದ್ದೆನು. ಆಗ ಅದನ್ನು ಮುಟ್ಟಿಯೂ ನೋಡದೆ, "ಚಿಬ್ಬು ಇದ್ದೀತು, ತಂಗೀ, ತಾನಾಗಿಯೇ ಹೋಗುತ್ತದೆ" ಎಂದು ಹೇಳಿ ಕಳುಹಿಸಿದ್ದೆನು. ಓದು ಬರಹ ಬಲ್ಲವನು ಹೇಳಿದ ಮಾತೆಂದು ಅವಳು ನಂಬಿದಳು. ಆ ಒಂದು ವರುಷದಲ್ಲಿ ರೋಗವು ಅವಳ ನರವನ್ನು ತಿಂದಿತು. ಈ ಪಾಠವನ್ನು ಬರೆಯುವದಕ್ಕೆ ಆ ನನ್ನ ತಪ್ಪೇ ಕಾರಣವು.

1. ಒಂದೇ ತೆರನಾಗಿ ತೋರುವ ಬೇರೆ ಬೇರೆ ರೋಗಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗಳ ನಮ್ಮ ಜನರು ಮೈಮೇಲೆ ಏನಾದರೂ ಕಂಡರೆ ಮೊದಲು ಅದಕ್ಕೊಂದು ಹೆಸರಿಡುತ್ತಾರೆ. ಪರೀಕ್ಷೆಯನ್ನು ಆಮೇಲೆ ಮಾಡುತ್ತಾರೆ, ಇಲ್ಲವೇ ಮಾಡುವದೇ ಇಲ್ಲ. ಆದರೆ ಕಣ್ಣಿಗೆ ಒಂದೇ ತೆರನಾಗಿ ತೋರುವ ಬೇನೆಗಳ ಕಾರಣಗಳು ಬೇರೆ ಬೇರೆಯಾಗಿವೆ.

ಹುರುಕು ಅಥವಾ ಕಜ್ಜಿ ಎಂಬದರ ಕಾರಣವು ಬಹು ಸಣ್ಣ ನುಸಿಯು. ಅದು ಚರ್ಮದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಬೆರಳುಗಳ ಸಂದು, ಮಣಿಕಟ್ಟು, ಸೊಂಟ ಈ ಸ್ಥಳಗಳಲ್ಲಿ ಗುಳ್ಳೆಗಳೆದ್ದು ರಾತ್ರಿಯಲ್ಲಿ ತುರಿಕೆ ಹೆಚ್ಚುತ್ತದೆ. ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲಾ ಹಬ್ಬುವದು. ಆದದರಿಂದ ತುರಿಕೆ ಇದ್ದವರೂ ಇಲ್ಲದವರೂ ಒಂದೇ ದಿವಸ ಔಷಧ ಹಚ್ಚಿಕೊಳ್ಳತಕ್ಕದ್ದು. ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕತಕ್ಕದ್ದು.

ಗಜಕರ್ಣವು ಉಂಗುರದಂತೆ ಹರಡುತ್ತದೆ. ಅಂಚು ಉಬ್ಬಿ ಕೆಂಪಾಗಿ, ನಡುಭಾಗವು ತಿಳಿಯಾಗಿರುತ್ತದೆ. ಇದರ ಕಾರಣವು ಒಂದು ತರದ ಬೂಷ್ಟು. ಕಬ್ಬಿನ ಹೊಲದಲ್ಲಿ ಬೆವರಿ, ಒದ್ದೆ ಬಟ್ಟೆಯಲ್ಲಿಯೇ ದಿನ ಕಳೆಯುವವರನ್ನು ಇದು ಬೇಗನೆ ಹಿಡಿಯುವದು. ಅಂಗಡಿಯಲ್ಲಿ ಕೇಳಿ ತಂದ ಮುಲಾಮಿನಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ತುರಿಕೆಯು ಎರಡು ದಿನಗಳಲ್ಲಿ ತಗ್ಗುತ್ತದೆ. ಬೂಷ್ಟು ಮಾತ್ರ ಒಳಗೊಳಗೆ ಬೆಳೆದು ಮೊದಲಿಗಿಂತ ಹೆಚ್ಚಾಗಿ ಹಬ್ಬುತ್ತದೆ. ಇಂಥ ಮುಲಾಮನ್ನು ವೈದ್ಯರು ಬರೆದುಕೊಡದೆ ಹಚ್ಚಬಾರದು.

ಚಿಬ್ಬು ಎಂಬದೂ ಬೂಷ್ಟಿನ ಜಾತಿಯದೇ. ಅದು ಎದೆ, ಬೆನ್ನು, ಕುತ್ತಿಗೆಗಳ ಮೇಲೆ ತೆಳುಬಣ್ಣದ ಚುಕ್ಕೆಗಳಾಗಿ ಕಾಣುವದು. ಉಗುರಿನಿಂದ ಕೆರೆದರೆ ಹೊಟ್ಟಿನಂಥ ಪುಡಿ ಏಳುತ್ತದೆ. ತೊನ್ನು ಹಾಲಿನಂತೆ ಬಿಳುಪಾದದ್ದು. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ನಾಶವಾದ್ದರಿಂದ ಅದು ಉಂಟಾಗುತ್ತದೆ. ಅದು ಯಾರಿಗೂ ಅಂಟುವದಿಲ್ಲ. ಹೀಗಿದ್ದರೂ ತೊನ್ನುಳ್ಳ ಹೆಣ್ಣುಮಗಳನ್ನು ಮಹಾರೋಗಿಯೆಂದು ಹೇಳಿ ಮದುವೆ ತಪ್ಪಿಸಿದವರು ನಮ್ಮಲ್ಲಿಯೂ ಇದ್ದಾರೆ. ಇದು ಅಜ್ಞಾನದಿಂದಾದ ದೊಡ್ಡ ಅನ್ಯಾಯವು.

ಕುಷ್ಠದ ಮಚ್ಚೆಯಾದರೋ ತೆಳುಬಣ್ಣದ್ದಾಗಿ ಇಲ್ಲವೇ ತುಸು ಕೆಂಪಾಗಿ ಇರುತ್ತದೆ. ಅದು ತುರಿಸುವದಿಲ್ಲ, ನೋಯುವದಿಲ್ಲ. ನೋವಿಲ್ಲದ ಕಾರಣ ಯಾರೂ ಅದನ್ನು ಲಕ್ಷಿಸುವದಿಲ್ಲ. ಅದರ ಮೋಸವು ಇದರಲ್ಲಿಯೇ ಉಂಟು.

2. ಕಾರಣವನ್ನು ಕಂಡುಹಿಡಿದವರು

ಈ ಕಾರಣಗಳು ಒಂದೇ ದಿನದಲ್ಲಿ ತಿಳಿದುಬಂದವುಗಳಲ್ಲ. 1687ರಲ್ಲಿ ಇಟಲಿ ದೇಶದ ಬೊನೋಮೋ ಎಂಬ ವೈದ್ಯನು ಕಜ್ಜಿಯ ನುಸಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರ ಚಿತ್ರವನ್ನು ಪ್ರಕಟಿಸಿದನು. ಬಡ ತಾಯಂದಿರು ಮಕ್ಕಳ ಕಜ್ಜಿಯೊಳಗಿಂದ ಸೂಜಿಯ ಮೊನೆಯಿಂದ ಏನನ್ನೋ ತೆಗೆಯುವದನ್ನು ಕಂಡದ್ದೇ ಆ ಶೋಧನೆಗೆ ದಾರಿಯಾಯಿತು. ರಕ್ತ ಕೆಟ್ಟು ಕಜ್ಜಿ ಬರುತ್ತದೆಂದು ಆಗಿನ ಪಂಡಿತರು ಬೋಧಿಸುತ್ತಿದ್ದರು. ಆ ತಾಯಂದಿರ ಸೂಜಿಯು ನಿಜವಾದ ಕಾರಣಕ್ಕೆ ಹೆಚ್ಚು ಸಮೀಪವಾಗಿತ್ತು. ಹಾಗೆಯೇ 1840ರ ದಶಕದಲ್ಲಿ ಪ್ಯಾರಿಸಿನಲ್ಲಿ ಡೇವಿಡ್ ಗ್ರೂಬಿ ಎಂಬವನು ತಲೆಚರ್ಮದ ಕೆಲವು ರೋಗಗಳಿಗೆ ಬೂಷ್ಟು ಕಾರಣವೆಂದು ತೋರಿಸಿದನು.

ಕುಷ್ಠದ ಕಾರಣವು ತಿಳಿದದ್ದು ನಾರ್ವೆ ದೇಶದ ಬೆರ್ಗೆನ್ ಪಟ್ಟಣದಲ್ಲಿ. ಆ ಚಳಿಯ ದೇಶದಲ್ಲಿಯೂ ಹಿಂದೆ ಕುಷ್ಠರೋಗಿಗಳು ಬಹಳ ಮಂದಿ ಇದ್ದರು. ಇದು ವಂಶದಿಂದ ಬರುವ ರೋಗವೆಂದು ಅಲ್ಲಿಯ ಪ್ರಸಿದ್ಧ ವೈದ್ಯನಾದ ಡಾನಿಯೆಲ್ಸೆನ್ನನು ನಂಬಿದ್ದನು. ಆದರೆ ಅವನ ಅಳಿಯನಾದ ಗೆರ್ಹಾರ್ಡ್ ಆರ್ಮೌಯರ್ ಹಾನ್ಸೆನ್ನನು 1873ರಲ್ಲಿ ರೋಗಿಗಳ ಗಂಟುಗಳೊಳಗಿನ ದ್ರವವನ್ನು ಪರೀಕ್ಷಿಸಿ, ಅದರಲ್ಲಿ ಸಣ್ಣ ಕಡ್ಡಿಯಂಥ ಕ್ರಿಮಿಗಳನ್ನು ಕಂಡನು. ವಂಶವಲ್ಲ, ಶಾಪವಲ್ಲ, ಪೂರ್ವಜನ್ಮದ ಕರ್ಮವೂ ಅಲ್ಲ. ಕಾರಣವು ಒಂದು ಕ್ರಿಮಿಯು ಎಂಬದು ಅಂದಿನಿಂದ ಗೊತ್ತಾಯಿತು.

ಈ ಕ್ರಿಮಿಯು ಬಹು ನಿಧಾನವಾದದ್ದು. ಒಂದು ಎರಡಾಗುವದಕ್ಕೆ ಸುಮಾರು ಎರಡು ವಾರ ಬೇಕು. ಆದದರಿಂದ ಕ್ರಿಮಿಯು ದೇಹವನ್ನು ಸೇರಿದ ಮೇಲೆ ಗುರುತು ತೋರುವದಕ್ಕೆ ಸಾಧಾರಣವಾಗಿ 5 ವರುಷ, ಕೆಲವರಲ್ಲಿ 20 ವರುಷವೂ ಹಿಡಿಯುತ್ತದೆ. ಔಷಧ ತೆಗೆದುಕೊಳ್ಳದ ರೋಗಿಯ ಮೂಗು ಬಾಯಿಗಳ ತುಂತುರಿನಿಂದ, ಬಹುಕಾಲ ಹತ್ತಿರವಿದ್ದವರಿಗೆ ಇದು ತಗಲುವದು. ಆದರೂ ನೂರರಲ್ಲಿ ಸುಮಾರು 95 ಮಂದಿಯ ದೇಹವು ತಾನಾಗಿಯೇ ಇದನ್ನು ಎದುರಿಸಬಲ್ಲದು. ಕೈ ಮುಟ್ಟಿದರೆ, ಜೊತೆಯಲ್ಲಿ ಕೂತು ಉಂಡರೆ, ಒಂದೇ ಬೆಂಚಿನ ಮೇಲೆ ಕೂತು ಆರಾಧಿಸಿದರೆ ಇದು ಅಂಟಿಕೊಳ್ಳುವದಿಲ್ಲ.

3. ಪರೀಕ್ಷಿಸುವ ಬಗೆ

ಕುಷ್ಠದ ಕ್ರಿಮಿಗೆ ಚರ್ಮ ಮತ್ತು ನರಗಳಲ್ಲಿ ವಾಸಿಸುವದು ಇಷ್ಟ. ನರವು ಕೆಟ್ಟಾಗ ಸ್ಪರ್ಶಜ್ಞಾನವು ಹೋಗುತ್ತದೆ. ಚಿಬ್ಬಿಗೂ ತೊನ್ನಿಗೂ ಕುಷ್ಠಕ್ಕೂ ಇರುವ ಮುಖ್ಯ ಭೇದವು ಇದೇ. ತೊನ್ನಿನ ಮೇಲೆ ಇರುವೆ ಹರಿದರೂ ತಿಳಿಯುತ್ತದೆ. ಕುಷ್ಠದ ಮಚ್ಚೆಯ ಮೇಲೆ ಕೆಂಡ ಬಿದ್ದರೂ ತಿಳಿಯಲಿಕ್ಕಿಲ್ಲ.

ಆರೋಗ್ಯ ಕೇಂದ್ರದಲ್ಲಿ ಇದನ್ನು ಹೀಗೆ ನೋಡುತ್ತಾರೆ. ರೋಗಿಯು ಕಣ್ಣು ಮುಚ್ಚಿಕೊಳ್ಳುವನು. ಹತ್ತಿಯ ಎಳೆಯಿಂದ ಇಲ್ಲವೇ ಪೆನ್ನಿನ ತುದಿಯಿಂದ ಮೊದಲು ಒಳ್ಳೇ ಚರ್ಮವನ್ನೂ ಆಮೇಲೆ ಮಚ್ಚೆಯನ್ನೂ ಮೆಲ್ಲನೆ ಮುಟ್ಟುತ್ತಾರೆ. ಮುಟ್ಟಿದ ಸ್ಥಳವನ್ನು ಅವನು ಬೆರಳಿನಿಂದ ತೋರಿಸಬೇಕು. ಮಚ್ಚೆಯಲ್ಲಿ ಮುಟ್ಟಿದ್ದು ಅವನಿಗೆ ತಿಳಿಯದಿದ್ದರೆ ಅದು ಕುಷ್ಠದ ಗುರುತು. ಅಲ್ಲದೆ ಮೊಳಕೈಯ ಹಿಂದಿನ ನರವು ಹಗ್ಗದಂತೆ ದಪ್ಪವಾಗಿದೆಯೋ ಎಂದು ಒತ್ತಿ ನೋಡುತ್ತಾರೆ. ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ಹೋಗುವ ನರವು ಅದೇ. ಆ ಸಹೋದರಿಯ ಬೆರಳುಗಳು ಯಾಕೆ ಸುಟ್ಟವೆಂದು ಈಗ ನಿಮಗೆ ತಿಳಿಯಿತಲ್ಲವೇ?

ಕೆಲವರಿಗೆ ಜೋಮು ಹಿಡಿದ ಮಚ್ಚೆ ಕಾಣುವದಿಲ್ಲ. ಅದರ ಬದಲು ಮುಖದ ಚರ್ಮವು ದಪ್ಪವಾಗಿ ಹೊಳೆಯುತ್ತದೆ, ಕಿವಿಯ ಹಾಲೆಗಳಲ್ಲಿ ಗಂಟುಗಳೇಳುತ್ತವೆ, ಹುಬ್ಬಿನ ಕೂದಲು ಉದುರುತ್ತದೆ. ಇಂಥವರ ಕಿವಿಯ ಹಾಲೆಯಿಂದ ಸ್ವಲ್ಪ ದ್ರವವನ್ನು ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ರಿಮಿಗಳಿದ್ದರೆ ಕೆಂಪು ಕಡ್ಡಿಗಳಂತೆ ಕಾಣುತ್ತವೆ.

4. ಔಷಧದ ವೃತ್ತಾಂತ

ನಮ್ಮ ಹಿರಿಯರ ಕಾಲದಲ್ಲಿ ಈ ರೋಗಕ್ಕೆ ತಕ್ಕ ಔಷಧವಿರಲಿಲ್ಲ. ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ ಗರುಡಫಲದ ಬೀಜದ ಎಣ್ಣೆಯನ್ನು ಸೂಜಿಯಿಂದ ಚುಚ್ಚುತ್ತಿದ್ದರು. ಅದರಿಂದ ನೋವು ಬಹಳ, ಗುಣವು ಸ್ವಲ್ಪ. ನಮ್ಮ ಸೀಮೆಯ ರೋಗಿಗಳು ದೊಡ್ಡ ಬೇನೆಗಳಿಗೆ ರೈಲು ಹತ್ತಿ ಹೋಗುವ ಮಿರಜಿನಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದರು. ಅದೇ ಊರಲ್ಲಿ ಕುಷ್ಠರೋಗಿಗಳಿಗಾಗಿ ಬೇರೊಂದು ಆಸ್ಪತ್ರೆಯೂ ಆಯಿತು. ಆ ದಿನಗಳಲ್ಲಿ ಇಂಥ ಸ್ಥಳಗಳಲ್ಲಿ ಹುಣ್ಣು ತೊಳೆದು, ಅನ್ನ ಕೊಟ್ಟು, ಆಶ್ರಯ ಕೊಡುವದು ಸಾಧ್ಯವಾಗಿತ್ತು. ರೋಗವನ್ನು ಬೇರುಸಹಿತ ಕೀಳುವದು ಸಾಧ್ಯವಾಗಿರಲಿಲ್ಲ.

1941ರಲ್ಲಿ ಅಮೇರಿಕದ ಕಾರ್ವಿಲ್ ಎಂಬಲ್ಲಿ ಸಲ್ಫೋನ್ ಜಾತಿಯ ಔಷಧದಿಂದ ರೋಗಿಗಳು ಗುಣವಾಗತೊಡಗಿದರು. ಅದೇ ದಶಕದಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಡಾಕ್ಟರ್ ರಾಬರ್ಟ್ ಕಾಕ್ರೇನ್ ಅವರು ನಮ್ಮ ದೇಶದ ರೋಗಿಗಳಿಗೆ ಡ್ಯಾಪ್ಸೋನ್ ಕೊಟ್ಟು ನೋಡಿದರು. ಆದರೆ ಬರಬರುತ್ತಾ ಕೆಲವು ಕ್ರಿಮಿಗಳು ಆ ಒಂದೇ ಔಷಧಕ್ಕೆ ಬಗ್ಗದೆ ಹೋದವು. ಆದದರಿಂದ 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಎಂಬ ಔಷಧಗಳನ್ನು ಕೂಡಿಸಿ ಕೊಡಬೇಕೆಂದು ತಿಳಿಸಿತು. ಮೂವರು ಕಾವಲುಗಾರರಿರುವ ಹೊಲದಲ್ಲಿ ಕಳ್ಳನು ಒಬ್ಬನ ಕಣ್ಣು ತಪ್ಪಿಸಿದರೂ ಇನ್ನೊಬ್ಬನ ಕೈಗೆ ಸಿಕ್ಕುವಂತೆ, ಒಂದು ಔಷಧದಿಂದ ಉಳಿದ ಕ್ರಿಮಿಯು ಇನ್ನೊಂದರಿಂದ ಸಾಯುತ್ತದೆ.

ಈ ಗುಳಿಗೆಗಳು ಸರಕಾರಿ ದವಾಖಾನೆಗಳಲ್ಲಿ ಹಣವಿಲ್ಲದೆ ಸಿಕ್ಕುತ್ತವೆ. ರೋಗದ ಪ್ರಮಾಣವನ್ನು ನೋಡಿ 6 ತಿಂಗಳು ಇಲ್ಲವೇ 12 ತಿಂಗಳು ಕೊಡುತ್ತಾರೆ. ಔಷಧ ಆರಂಭಿಸಿದ ಸ್ವಲ್ಪ ದಿವಸಗಳಲ್ಲಿಯೇ ರೋಗಿಯಿಂದ ಬೇರೆಯವರಿಗೆ ರೋಗ ತಗಲುವದು ನಿಲ್ಲುತ್ತದೆ. ಮೂತ್ರವು ಕೆಂಪಾದರೆ ಹೆದರಬಾರದು. ಅದು ರಿಫಾಂಪಿಸಿನ್ನಿನ ಬಣ್ಣ. ಚರ್ಮವು ಕಪ್ಪೇರಿದರೆ ಅದು ಕ್ಲೋಫಾಜಿಮಿನ್ನಿನಿಂದ, ಕಾಲಕ್ರಮದಲ್ಲಿ ತಿಳಿಯಾಗುತ್ತದೆ. ಮಚ್ಚೆಗಳು ಒಮ್ಮೆಲೇ ಕೆಂಪೇರಿ ಊದಿಕೊಂಡರೆ, ನರದಲ್ಲಿ ನೋವು ಹುಟ್ಟಿದರೆ, ಮೈಮೇಲೆ ಗುಳ್ಳೆಗಳೆದ್ದು ಜ್ವರ ಬಂದರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಗುಳಿಗೆಯನ್ನು ತಾನಾಗಿ ನಿಲ್ಲಿಸಬಾರದು.

ಆದರೆ ಒಂದು ಮಾತನ್ನು ಮನಸ್ಸಿನಲ್ಲಿಡಿರಿ. ಔಷಧವು ಕ್ರಿಮಿಯನ್ನು ಕೊಲ್ಲುತ್ತದೆ. ಬಹುಕಾಲ ಸತ್ತುಹೋದ ನರಕ್ಕೆ ಜೀವ ಕೊಡುವದಿಲ್ಲ. ಬೇಗ ಬಂದವನು ಕೈಕಾಲುಗಳನ್ನು ಉಳಿಸಿಕೊಳ್ಳುವನು. ತಡಮಾಡಿದವನು ರೋಗದಿಂದ ಬಿಡುಗಡೆಯಾದರೂ ಊನವನ್ನು ಹೊತ್ತುಕೊಂಡಿರುವನು.

5. ಸತ್ಯವೇದದಲ್ಲಿನ ಹೆಸರು

ನಮ್ಮ ಸಭೆಗಳವರಿಗೆ ಇನ್ನೊಂದು ಅಡ್ಡಿಯುಂಟು. ಯಾಜಕಕಾಂಡದ 13ನೆಯ ಮತ್ತು 14ನೆಯ ಅಧ್ಯಾಯಗಳಲ್ಲಿ ಕುಷ್ಠವೆಂಬ ಮಾತನ್ನು ಓದಿ, ಈ ರೋಗವು ಅಶುದ್ಧತೆಯ ಗುರುತೆಂದು ತಿಳಿಯುತ್ತಾರೆ. ಆದರೆ ಆ ಅಧ್ಯಾಯಗಳಲ್ಲಿ ಬಟ್ಟೆಗೂ ಮನೆಯ ಗೋಡೆಗೂ ಕುಷ್ಠ ಬರುವದೆಂದು ಬರೆದದೆ. ಹಾನ್ಸೆನ್ನನು ಕಂಡ ಕ್ರಿಮಿಯು ಗೋಡೆಗೆ ರೋಗ ತರುವದಿಲ್ಲ. ಇಬ್ರಿಯ ಭಾಷೆಯ ಆ ಮಾತು ಅನೇಕ ತರದ ಮಚ್ಚೆ, ಬೂಷ್ಟುಗಳಿಗೆ ಒಟ್ಟಾಗಿ ಸಲ್ಲುವ ಹೆಸರು. ಅಲ್ಲಿಯ ಯಾಜಕನು ಸಹ ಸಂಶಯವಿದ್ದಾಗ ಕೂಡಲೇ ತೀರ್ಪು ಹೇಳಲಿಲ್ಲ. ಏಳು ದಿನ ಕಾದು, ತಿರಿಗಿ ನೋಡಿ, ಆಮೇಲೆ ಹೇಳಿದನು. ನಾನಾದರೋ ಒಂದು ಕ್ಷಣವೂ ಕಾಯದೆ ಹೇಳಿಬಿಟ್ಟೆನು.

ರಾಜ್ಯದ ಕಾನೂನು ಸಹ ಬದಲಾಗಿದೆ. ಕುಷ್ಠರೋಗಿಗಳನ್ನು ಬಂಧಿಸಿಡುವದಕ್ಕಾಗಿ 1898ರಲ್ಲಿ ಮಾಡಿದ ಕಾಯಿದೆಯನ್ನು 2016ರಲ್ಲಿ ತೆಗೆದುಹಾಕಿದರು. ಕ್ರೈಸ್ತರಿಗೆ ಸಲ್ಲುವ 1869ರ ವಿವಾಹ ವಿಚ್ಛೇದನ ಕಾಯಿದೆಯಲ್ಲಿ ಕುಷ್ಠವು ಗಂಡಹೆಂಡಿರನ್ನು ಅಗಲಿಸುವ ಒಂದು ಕಾರಣವಾಗಿತ್ತು; 2019ರಲ್ಲಿ ಅದನ್ನೂ ಅಳಿಸಿದರು. ಕಾನೂನು ಬಿಟ್ಟುಕೊಟ್ಟದ್ದನ್ನು ನಮ್ಮ ಮನೆಗಳು ಹಿಡಿದುಕೊಂಡಿರಬಹುದೋ?

6. ನಾವು ಮಾಡತಕ್ಕದ್ದು

ರೋಗವು ತೀರಿಹೋಯಿತೆಂದು ತಿಳಿಯಬೇಡಿರಿ. 2023ರಲ್ಲಿ ಲೋಕದಲ್ಲಿ ಹೊಸದಾಗಿ ಕಂಡುಬಂದ ಸುಮಾರು 1 ಲಕ್ಷ 80 ಸಾವಿರ ರೋಗಿಗಳಲ್ಲಿ 1 ಲಕ್ಷಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರೇ. ಆದದರಿಂದ ಸ್ನಾನಮಾಡುವಾಗ ಮಕ್ಕಳ ಮೈಯನ್ನು ನೋಡಿರಿ; ಬೆನ್ನನ್ನು ಒಬ್ಬರಿಗೊಬ್ಬರು ನೋಡಿರಿ. ತುರಿಸದ, ನೋಯದ ಮಚ್ಚೆ ಕಂಡರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಮನೆಯಲ್ಲಿ ಒಬ್ಬರಿಗೆ ರೋಗವಿದ್ದರೆ ಉಳಿದವರೆಲ್ಲರೂ ತಮ್ಮನ್ನು ತೋರಿಸಿಕೊಳ್ಳಬೇಕು. ಜೋಮು ಹಿಡಿದ ಕೈಯುಳ್ಳವರು ಬಿಸಿ ಪಾತ್ರೆಯನ್ನು ಬಟ್ಟೆಯಿಂದ ಹಿಡಿಯಲಿ. ಜೋಮು ಹಿಡಿದ ಕಾಲುಳ್ಳವರು ಮೆತ್ತನೆಯ ಚಪ್ಪಲಿ ಮೆಟ್ಟಿ, ದಿನಾಲು ಅಂಗಾಲನ್ನು ನೋಡಿಕೊಳ್ಳಲಿ.

ಆ ಸಹೋದರಿಯು 12 ತಿಂಗಳು ತಪ್ಪದೆ ಗುಳಿಗೆ ತಿಂದು ಗುಣಹೊಂದಿದಳು. ಮೊದಮೊದಲು ಅವಳ ಅತ್ತೆಯು ಅವಳ ತಾಟನ್ನು ಬೇರೆ ಇಟ್ಟಿದ್ದಳು. ದವಾಖಾನೆಯವರು ಮನೆಗೆ ಬಂದು ತಿಳಿಸಿ ಹೇಳಿದ ಮೇಲೆ ತಾನೇ ಅದನ್ನು ಒಳಗೆ ತಂದಿಟ್ಟಳು. ಈಗ ಮನೆಮಂದಿಯೆಲ್ಲಾ ಅವಳು ಬಡಿದ ರೊಟ್ಟಿಯನ್ನೇ ಉಣ್ಣುತ್ತಾರೆ. ಆದರೆ ಆ ಎರಡು ಬೆರಳುಗಳಿಗೆ ಬಿಸಿ ಇಂದಿಗೂ ತಿಳಿಯದು. ರೊಟ್ಟಿಯನ್ನು ಬಟ್ಟೆಯ ತುಂಡಿನಿಂದ ಹೊರಳಿಸುತ್ತಾಳೆ. ಅವಳ ಮನೆಗೆ ಹೋದಾಗಲೆಲ್ಲಾ ಆ ಬಟ್ಟೆಯ ತುಂಡನ್ನು ನೋಡುತ್ತೇನೆ. ಒಂದು ವರುಷ ಮುಂಚೆ ಹತ್ತಿಯ ಒಂದು ಎಳೆಯಿಂದ ಮುಟ್ಟಿ ನೋಡಿದ್ದರೆ ಅದು ಬೇಕಾಗುತ್ತಿರಲಿಲ್ಲ.

ವಿಚಾರಿಸತಕ್ಕ ಪ್ರಶ್ನೆಗಳು

1. ಚಿಬ್ಬು, ತೊನ್ನು, ಕುಷ್ಠ ಇವುಗಳನ್ನು ಯಾವ ಗುರುತುಗಳಿಂದ ಬೇರೆ ಬೇರೆಯಾಗಿ ತಿಳಿಯಬಹುದು?
2. ಕುಷ್ಠದ ಮಚ್ಚೆಯು ನೋಯದಿರುವದು ಯಾಕೆ ಅಪಾಯಕರವು?
3. ಒಂದೇ ಔಷಧದ ಬದಲು ಹಲವು ಔಷಧಗಳನ್ನು ಯಾಕೆ ಕೂಡಿಸಿ ಕೊಡುತ್ತಾರೆ?
4. ಯಾಜಕಕಾಂಡದಲ್ಲಿ ಹೇಳಿದ ಕುಷ್ಠವೂ ಈಗಿನ ಕುಷ್ಠರೋಗವೂ ಒಂದೇ ಅಲ್ಲವೆಂದು ಹೇಗೆ ತಿಳಿಯುತ್ತದೆ?
5. ನಿಮ್ಮ ಊರಲ್ಲಿ ಮಚ್ಚೆಯನ್ನು ಮರೆಮಾಡಿಕೊಂಡಿರುವವರು ಭಯವಿಲ್ಲದೆ ಮುಂದೆ ಬರುವಂತೆ ನೀವು ಏನು ಮಾಡುವಿರಿ?