ಕೋಣೆ ಬಾಡಿಗೆಯ ಒಂದು ಸಾಲು

ಗಡ್ಡ ಹೆರೆಯುವಾಗ ಬಲಗಿವಿಯ ಕೆಳಗೆ ರೇಜರು ಎಡವಿತು. ಕಡಲೆಕಾಳಿನಷ್ಟು ಗಂಟು, ನೋವಿಲ್ಲ, ಒತ್ತಿದರೆ ಜಾರುತ್ತಿತ್ತು. ಮಂಗನಬಾವು ಇರಬೇಕೆಂದು ಅಮ್ಮ ಕಾವಿ ಹಚ್ಚಿದರು. ವರ್ಷದೊಳಗೆ ಅದು ನೆಲ್ಲಿಕಾಯಿಯಷ್ಟಾಯಿತು. ಸೂಜಿ ಚುಚ್ಚಿ ಮಾಡಿದ ಪರೀಕ್ಷೆಯಲ್ಲಿ ಬಂದ ಹೆಸರು ಪ್ಲಿಯೊಮಾರ್ಫಿಕ್ ಅಡಿನೋಮ. ಜೊಲ್ಲು ಗ್ರಂಥಿಗಳಲ್ಲೆಲ್ಲ ದೊಡ್ಡದಾದ ಪೆರೋಟಿಡ್‌ನಲ್ಲಿ ಬೆಳೆದ, ಕ್ಯಾನ್ಸರ್ ಅಲ್ಲದ ಗಡ್ಡೆ. ಆದರೆ ಬಿಟ್ಟರೆ ವರ್ಷಗಳ ಮೇಲೆ ಕ್ಯಾನ್ಸರಿಗೆ ತಿರುಗಬಹುದು. ಗಡ್ಡೆಯನ್ನಷ್ಟೇ ಕಿತ್ತರೆ ಮತ್ತೆ ಹುಟ್ಟಬಹುದು. ಸುತ್ತಲಿನ ಗ್ರಂಥಿಯನ್ನೂ ಸೇರಿಸಿ ತೆಗೆಯಬೇಕು ಎಂದರು ಡಾಕ್ಟರು.

ಮುಖದ ನರ ಆ ಗ್ರಂಥಿಯ ಒಳಗೇ ಹಾದು ಐದು ಕವಲಾಗುತ್ತದೆ. ಅದಕ್ಕೆ ಪೆಟ್ಟಾದರೆ ಕಣ್ಣು ಮುಚ್ಚದು, ಬಾಯಿ ಸೊಟ್ಟಗಾಗುತ್ತದೆ. ನರದ ಮೇಲೆ ಕಣ್ಣಿಡುವ ಮಾನಿಟರಿಗೆ 15,000 ರೂಪಾಯಿ ಬೇರೆ. ಅಲ್ಲಿ ಚೌಕಾಸಿ ಮಾಡಲಿಲ್ಲ. ನಾನು ತಪ್ಪಿದ್ದು ಕೋಣೆಯಲ್ಲಿ.

ನನ್ನ ಆರೋಗ್ಯ ವಿಮೆ ಪಾಲಿಸಿ 3 ಲಕ್ಷದ್ದು. ಕೋಣೆ ಬಾಡಿಗೆ ದಿನಕ್ಕೆ ಶೇ 1, ಅಂದರೆ 3,000 ಎಂದು ಅದರಲ್ಲಿ ಒಂದು ಸಾಲು ಇತ್ತು. ಹೆಂಡತಿಗೆ ಮಲಗಲು ಅನುಕೂಲವಾಗಲೆಂದು 6,000ದ ಕೋಣೆ ಹಿಡಿದೆ. ಮೂರು ದಿನಕ್ಕೆ ಹೆಚ್ಚಿನ 9,000 ಕೈಯಿಂದ ಹೋಗುತ್ತದೆ, ಹೋಗಲಿ ಅಂದುಕೊಂಡಿದ್ದೆ. ಬಿಡುಗಡೆಯ ದಿನ ಕೈಗೆ ಬಂದ ಹಾಳೆಯಲ್ಲಿ ಡಾಕ್ಟರ ಫೀಸು, ಅರಿವಳಿಕೆ, ಆಪರೇಷನ್ ಥಿಯೇಟರು, ನರ್ಸಿಂಗ್ ಎಲ್ಲದರ ಎದುರೂ ಅರ್ಧ ಕತ್ತರಿ. ಮಿತಿಗಿಂತ ಎರಡು ಪಟ್ಟು ಕೋಣೆ ಹಿಡಿದದ್ದಕ್ಕೆ ಈ ಖರ್ಚುಗಳಲ್ಲೂ ಅರ್ಧವೇ ಸಿಗುವುದು. ಒಟ್ಟು 1,20,000ದಲ್ಲಿ 60,000 ಹೋಯಿತು. ಔಷಧಿ, ಪರೀಕ್ಷೆಗಳ 42,000 ಮಾತ್ರ ಪೂರ್ತಿ ಬಂತು. ಕೆನ್ನೆಗೆ ಪಟ್ಟಿ ಕಟ್ಟಿಕೊಂಡು ಕೌಂಟರಿನ ಮುಂದೆ ನಿಂತು, ಮಗಳ ಕಾಲೇಜಿಗೆಂದು ಇಟ್ಟಿದ್ದ ಎಫ್‌ಡಿ ಮುರಿದೆ. ಆ ಸಂಕಟ ಗಾಯಕ್ಕಿಂತ ಹೆಚ್ಚು ದಿನ ಉಳಿಯಿತು.

ಮನೆಗೆ ಬಂದು ನಿಯಮ ಓದಿದೆ. ಕೋಣೆಯ ದರ್ಜೆಗೆ ತಕ್ಕಂತೆ ಬದಲಾಗದ ಶುಲ್ಕಕ್ಕೆ ಈ ಕಡಿತ ಹಾಕುವಂತಿಲ್ಲ. ಮಾನಿಟರಿನ ಶುಲ್ಕ ಜನರಲ್ ವಾರ್ಡಿಗೂ ಅಷ್ಟೇ ಎಂದು ಆಸ್ಪತ್ರೆಯಿಂದ ಬರೆಸಿಕೊಂಡು ಕಂಪನಿಗೆ ಕಳಿಸಿದೆ. 7,500 ಮರಳಿ ಬಂತು. ಕೇಳದಿದ್ದರೆ ಬರುತ್ತಿರಲಿಲ್ಲ. ಕಂಪನಿ ಒಪ್ಪದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ದೂರಿಗೆ ಶುಲ್ಕವಿಲ್ಲ.

ಇನ್ನೊಂದು ಮಾತು. ಕ್ಯಾನ್ಸರ್ ಅಲ್ಲದ ಗಡ್ಡೆಗಳಿಗೆ ಬಹಳಷ್ಟು ಪಾಲಿಸಿಗಳಲ್ಲಿ 24 ತಿಂಗಳು ಕಾಯಬೇಕು. ನನ್ನದು ಐದನೇ ವರ್ಷದಲ್ಲಿತ್ತು, ಬಚಾವಾದೆ. ಗಂಟು ಕಂಡ ಮೇಲೆ ಪಾಲಿಸಿ ಮಾಡಿಸಲು ಓಡಿದ್ದರೆ ಈ ದುಡ್ಡೂ ಸಿಗುತ್ತಿರಲಿಲ್ಲ.

ಆಪರೇಷನ್ ಮುಗಿದು ಎಚ್ಚರವಾದಾಗ ಡಾಕ್ಟರು, "ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ" ಎಂದರು. ಎರಡೂ ಆಯಿತು. ಹೆಂಡತಿ ಅಲ್ಲೇ ಅತ್ತಳು. ಕಿವಿಯ ಹಾಲೆ ಇವತ್ತಿಗೂ ಜೋಮು. ಹುಣಸೆ ಗೊಜ್ಜು ಉಂಡರೆ ಬಲಗೆನ್ನೆ ಬೆವರುತ್ತದೆ. ಇವು ಈ ಆಪರೇಷನ್ನಿನ ಜೊತೆಗೆ ಬರುವಂಥವೇ.

ಈ ವರ್ಷ ನವೀಕರಣದಲ್ಲಿ ಕೋಣೆ ಬಾಡಿಗೆಗೆ ಮಿತಿಯಿಲ್ಲದ ಪಾಲಿಸಿಗೆ ಬದಲಾಯಿಸಿಕೊಂಡೆ. ಪ್ರೀಮಿಯಂ ಸ್ವಲ್ಪ ಹೆಚ್ಚಾಯಿತು. ನಿಮ್ಮ ಪಾಲಿಸಿ ಬೀರುವಿನಲ್ಲಿದ್ದರೆ ಇವತ್ತೇ ತೆಗೆದು ಆ ಒಂದು ಸಾಲು ನೋಡಿ. ಮಿತಿ ಇದ್ದರೆ ಆ ಮೊತ್ತವನ್ನು ಮನೆಯವರಿಗೂ ಹೇಳಿಡಿ, ದಾಖಲಾಗುವ ದಿನ ಕೋಣೆ ಆರಿಸುವವರು ಅವರೇ.