ಒಂದೇ ಎಳೆಯಲ್ಲಿ ತಂತಿಯೂ ಕೊಳವೆಯೂ ಹೇಗೆ?

ಪ್ರಶ್ನೆ: ಮಿದುಳಿನ ಸಂಕೇತಗಳನ್ನು ದಾಖಲಿಸುವ ಬಳುಕುವ ಎಳೆಯೊಂದು ಅದೇ ಜಾಗಕ್ಕೆ ಔಷಧವನ್ನೂ ಬಿಡುತ್ತದೆ ಎಂದು ಓದಿದೆ. ಅಷ್ಟು ಸಪೂರ ಎಳೆಯೊಳಗೆ ತಂತಿ, ಕೊಳವೆಗಳನ್ನು ತೂರಿಸುವುದು ಹೇಗೆ?

ಉತ್ತರ: ನಿಮ್ಮ ಸಂದೇಹ ಸಹಜವೇ. ಆದರೆ ಅಲ್ಲಿ ಯಾರೂ ಏನನ್ನೂ ತೂರಿಸುವುದಿಲ್ಲ. ಮೊದಲು ದೊಡ್ಡದಾಗಿ ಕಟ್ಟಿ, ಆಮೇಲೆ ಸಪೂರ ಮಾಡುತ್ತಾರೆ.

ಅಮೆರಿಕದ ಎಂಐಟಿಯಲ್ಲಿ ಪೊಲಿನಾ ಅನಿಕೀವಾ ಅವರ ತಂಡ ಅನುಸರಿಸಿದ ಕ್ರಮವನ್ನೇ ನೋಡಿ. ಮೊದಲಿಗೆ ದಪ್ಪನೆಯ ಪ್ಲಾಸ್ಟಿಕ್ ದಂಡವೊಂದು ಸಿದ್ಧವಾಗುತ್ತದೆ. ಬೆಳಕು ಸಾಗಲು ಪಾರದರ್ಶಕ ಪಾಲಿಕಾರ್ಬೊನೇಟ್, ವಿದ್ಯುತ್ ಹರಿಯಲು ಇಂಗಾಲ ಬೆರೆಸಿದ ಪಾಲಿಥೀನ್, ಔಷಧಕ್ಕೆ ಟೊಳ್ಳು ಕಾಲುವೆ, ಎಲ್ಲವೂ ಅದರಲ್ಲೇ ಇರುತ್ತವೆ. ಅದನ್ನು ಕುಲುಮೆಯಲ್ಲಿ ಮೆತ್ತಗಾಗುವಷ್ಟು ಕಾಯಿಸಿ ಕೆಳಗಿನಿಂದ ಎಳೆದರೆ, ಬೆಲ್ಲದ ಪಾಕ ಎಳೆ ಬಂದಂತೆ ನೀಳವಾಗುತ್ತದೆ. ಸೊಗಸೇನೆಂದರೆ, ಅಡ್ಡ ಕೊಯ್ದರೆ ಕಾಣುವ ವಿನ್ಯಾಸ ಕೆಡುವುದಿಲ್ಲ, ಕುಗ್ಗಿರುತ್ತದೆ, ಅಷ್ಟೆ. ಹಾಗಾಗಬೇಕಾದರೆ ಎಲ್ಲ ವಸ್ತುಗಳೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿ ಮೆತ್ತಗಾಗಬೇಕು. ತಾಮ್ರವನ್ನು ಹೀಗೆ ಎಳೆಯಲಾಗದು; ಅದು ಕರಗುವ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟೇ ಹೋಗಿರುತ್ತದೆ. ನನ್ನ ಕೇಳಿದರೆ, ಎಳೆಯುವುದಕ್ಕಿಂತ ಈ ಹೊಂದಾಣಿಕೆ ಕೂಡಿಸುವುದರಲ್ಲೇ ಜಾಣ್ಮೆ ಹೆಚ್ಚು.

2017ರಲ್ಲಿ ಅವರು ಪ್ರಕಟಿಸಿದ ಎಳೆ ಮಿಲಿಮೀಟರಿನ ಸುಮಾರು ಐದನೇ ಒಂದರಷ್ಟು ದಪ್ಪ. ಅದರಲ್ಲಿ ಆರು ವಿದ್ಯುದ್ವಾರ, ಎರಡು ಕಾಲುವೆ, ಬೆಳಕಿಗೊಂದು ದಾರಿ. ಅದನ್ನು ಇಲಿಯ ಮಿದುಳಿಗಿಳಿಸಿ, ನರಕೋಶಗಳು ಬೆಳಕಿಗೆ ಸ್ಪಂದಿಸುವಂತೆ ಮಾಡುವ ಜೀನ್ ಹೊತ್ತ ವೈರಸ್ಸನ್ನು ಕಾಲುವೆಯಿಂದ ಬಿಟ್ಟರು. ಮುಂದೆ ಅದೇ ಎಳೆಯಿಂದ ಬೆಳಕು ಹಾಯಿಸಿ ಕೋಶಗಳ ಸಂಕೇತ ದಾಖಲಿಸಿದರು. ಬೇರೊಂದು ಸೂಜಿ ಚುಚ್ಚಿ ಅದೇ ತಾಣ ಹುಡುಕುವ ಪಾಡು ತಪ್ಪಿತು.

ಇಲ್ಲೊಂದು ಗೊಂದಲ ಬರಬಹುದು. ಬಳುಕುತ್ತದೆ ಎಂದಮಾತ್ರಕ್ಕೆ ಇದು ಮಿದುಳಿನಷ್ಟೇ ಮೃದು ಎಂದುಕೊಳ್ಳಬೇಡಿ. ವಸ್ತುವಾಗಿ ನೋಡಿದರೆ ಈ ಪ್ಲಾಸ್ಟಿಕ್ ಮಿದುಳಿಗಿಂತ ಲಕ್ಷಾಂತರ ಪಟ್ಟು ಗಡುಸು. ಬಳುಕು ಬರುವುದು ಬಹುಪಾಲು ಸಪೂರತನದಿಂದ: ದುಂಡನೆಯ ಎಳೆಯ ದಪ್ಪ ಅರ್ಧವಾದರೆ ಬಾಗುವುದಕ್ಕೆ ಒಡ್ಡುವ ತಡೆ ಹದಿನಾರನೇ ಒಂದಕ್ಕಿಳಿಯುತ್ತದೆ. ಉಸಿರಾಟಕ್ಕೂ ನಾಡಿಬಡಿತಕ್ಕೂ ಮಿದುಳು ತುಸುತುಸುವೇ ಅಲುಗುತ್ತಿರುತ್ತದೆ. ಗಡುಸು ಲೋಹದ ತಂತಿ ಜತೆಗೆ ಅಲುಗದೆ ಉಜ್ಜುತ್ತದೆ. ಸುತ್ತ ಗಾಯದ ಪೊರೆ ಕಟ್ಟಿ ಸಂಕೇತ ಮಂಕಾಗುತ್ತದೆ. ಬಳುಕುವ ಎಳೆಯಿಂದ ಈ ಹಾನಿ ಕಡಿಮೆ.

ಹಾಗೆಂದು ತೀರಾ ಸಪೂರ ಮಾಡಿದರೆ ಒಳಗಿಳಿಸುವಾಗಲೇ ಮಡಚಿಕೊಳ್ಳುತ್ತದೆ. ಅಂಥವಕ್ಕೆ ನೀರಿನಲ್ಲಿ ಕರಗುವ ಪಾಲಿಎಥಿಲೀನ್ ಗ್ಲೈಕಾಲ್ ಲೇಪಿಸಿ ತಾತ್ಕಾಲಿಕವಾಗಿ ಗಡುಸು ಮಾಡುವುದುಂಟು. ಮಿದುಳು ಸೇರಿದ ಮೇಲೆ ಲೇಪ ಕರಗುತ್ತದೆ, ಎಳೆ ಉಳಿಯುತ್ತದೆ.